ಮುಂಬಾಗಿಲಿಗೆ ಬಂದವನು

ಟಾಡುಮ್, ಫ್ರೀಸ್‌ಲಾಂಡ್
ಶುಕ್ರವಾರ, ಫೆಬ್ರುವರಿ ೨೪, ೧೯೫೬

ಪ್ರೀತಿಯ ತಮ್ಮ ವೀಬೆ,

ಹೇಗಿದ್ದೀಯ? ಎಲ್ಲರೂ ಮೊದಲ ಸಾಲಿನಲ್ಲಿ ಇದನ್ನು ಕೇಳಿ, ಉತ್ತರಕ್ಕೆ ಕಾಯದೆ ಎರಡನೇ ಸಾಲಿಗೆ ಹಾರಿಬಿಡುತ್ತಾರೆ. ನಾನು ಅರ್ಧ ಗಂಟೆಯಿಂದ ಮೊದಲ ಸಾಲಿನಲ್ಲೇ ಕೂತಿದ್ದೇನೆ. ಹೇಗಿದ್ದೀಯ? ಇದ್ದೀಯ ತಾನೆ?

ಡಿಸೆಂಬರ್ ಮೊದಲ ವಾರ ಬಂದದ್ದೇ ನಿನ್ನ ಕೊನೆಯ ಕಾಗದ. ಚಳಿಗಾಲ ಮುಗಿಯುವವರೆಗೆ ಉತ್ತರದ ಕಾಡಿನಲ್ಲಿ ಮರ ಕಡಿಯುವ ಕೆಲಸ, ಅಲ್ಲಿ ಅಂಚೆ ಅಪರೂಪ ಎಂದು ಅಮ್ಮನಿಗೆ ಬರೆದಿದ್ದೆ. ಅಪರೂಪ ಎಂದರೆ ಇಷ್ಟೊಂದು ಅಪರೂಪ ಎಂದು ನಾವು ತಿಳಿದಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರೆಯುತ್ತಿದ್ದವನು ನೀನು, ಆರು ವರ್ಷದಲ್ಲಿ ಒಂದು ಸಾಲೂ ಬರೆಯದವನು ನಾನು. ಇದು ಯಾರ ಕಾಗದವಪ್ಪಾ ಎಂದು ಹುಬ್ಬು ಏರಿಸುತ್ತಿದ್ದರೆ ಗುರುತು ಹೇಳುತ್ತೇನೆ: ನಿನ್ನ ಮುಖವನ್ನೇ ಹೊತ್ತು ಈ ಊರಿನಲ್ಲಿ ಓಡಾಡುವವನು, ನಿನಗಿಂತ ಕಾಲು ಗಂಟೆ ದೊಡ್ಡವನು, ಬುದ್ಧಿಯಲ್ಲಿ ಮುಕ್ಕಾಲು ಪಾಲು ಚಿಕ್ಕವನು. ಆರು ವರ್ಷದ ಹಿಂದೆ ರಾಟರ್‌ಡ್ಯಾಮಿನ ಬಂದರಿನಲ್ಲಿ, ಕಡಲಾಚೆ ನೆಲೆಸಲು ಒಂದೇ ಹಡಗಿಗೆ ಹೊರಟಿದ್ದ ನಮ್ಮಿಬ್ಬರಲ್ಲಿ, "ನೀನು ಮೊದಲು ಹತ್ತು, ನಾನು ಹಿಂದೇನೇ ಬರ್ತೀನಿ" ಎಂದು ಹೇಳಿ ಗೋದಾಮಿನ ಹಿಂದೆ ಬಚ್ಚಿಟ್ಟುಕೊಂಡವನು. ಈಗ ನೆನಪಾಯಿತೆ?

ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಬೇಕೆಂದಿದ್ದೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಎಪ್ಪತ್ತೆಂಟಾಯಿತು, ಬಾಯಲ್ಲಿ ಒಂದು ಹಲ್ಲಿಲ್ಲ, ಆದರೂ ಊರನ್ನೆಲ್ಲ ಕಚ್ಚುತ್ತಾಳೆ. ಇಲ್ಲಿ ಈ ಸಲದ ಚಳಿ ಕೊರೆಯುತ್ತಿದೆ, ಅದಕ್ಕಿಂತ ನಮ್ಮ ಪಾದ್ರಿಗಳು ಹೆಚ್ಚು ಕೊರೆಯುತ್ತಿದ್ದಾರೆ. ಕಾಲುವೆಗಳೆಲ್ಲ ಕಲ್ಲಾಗಿವೆ. ಹಸುಗಳು ಹದಿನಾಲ್ಕೂ ಕೊಟ್ಟಿಗೆಯಲ್ಲಿ ಕ್ಷೇಮ. ಅವು ಕರೆಯುತ್ತವೆ, ನಾನು ಹೋಗಿ ಕರೆಯುತ್ತೇನೆ. ನನ್ನ ಬದುಕು ಇಷ್ಟೇ. ಮದುವೆಯ ಸುದ್ದಿ ಕೇಳಬೇಡ. ಅಪ್ಪನ ಹೆಣ ಹೊರಟ ಮೇಲೆ ನಮ್ಮ ಮುಂಬಾಗಿಲು ತೆರೆದೇ ಇಲ್ಲ. ಈ ಊರಿನ ಮುಂಬಾಗಿಲುಗಳಿಗೆ ಹೆಣ ಬಿಟ್ಟರೆ ಗೊತ್ತಿರುವುದು ಮದುಮಗಳೊಬ್ಬಳೇ, ನಾನೊಬ್ಬ ಮದುಮಗಳನ್ನು ಕರೆತಂದಿದ್ದರೆ ಆ ಬೀಗಕ್ಕೆ ಎಣ್ಣೆಯಾದರೂ ಬೀಳುತ್ತಿತ್ತು. ಹಿಂದಿನ ಕೊಟ್ಟಿಗೆ ಬಾಗಿಲಿಂದ ಬಂದು ಹೋಗುವ ನಮಗೆಲ್ಲ ಸಗಣಿಯ ವಾಸನೆಯೇ ಸ್ವಾಗತ.

ಈಗ ಸುದ್ದಿ. ಪಕ್ಕದ ಮನೆಯ ಇಮ್ಕೆ ಅಜ್ಜಿ ಹೋದ ವಾರ ಗುರುವಾರ ಬೆಳಿಗ್ಗೆ ತೀರಿಕೊಂಡಳು. ತೊಂಬತ್ತೊಂದು ವರ್ಷ, ಕೈಯಲ್ಲಿ ಕಾಫಿ ಬಟ್ಟಲು ಹಿಡಿದೇ ಹೋದಳಂತೆ, ಒಂದು ಹನಿ ಚೆಲ್ಲಲಿಲ್ಲ. ಅಂಟಿಕೊಂಡ ನೆರೆಮನೆಯವನು ನಾನಾದ್ದರಿಂದ ಎಲ್ಲ ನನ್ನ ಪಾಲಿಗೆ ಬಂತು: ಗಡಿಯಾರ ನಿಲ್ಲಿಸಿದೆ, ಕಿಟಕಿ ಮುಚ್ಚಿದೆ, ಅವಳ ಎರಡು ಹಸು ಕರೆದೆ, ಆಮೇಲೆ ಕಪ್ಪು ಟೋಪಿ ಹಾಕಿಕೊಂಡು ಸಾವು ಹೇಳಲು ಹೊರಟೆ. ಊರಿಗೆಲ್ಲ ಟೋಪಿ ಹಾಕುವವನು ಎಂದು ಹೆಸರು ಮಾಡಿದವನ ತಲೆಗೆ ಅಂದು ನಿಜವಾದ ಟೋಪಿ ಬಿತ್ತು ಎಂದು ಅಮ್ಮ ನಕ್ಕಳು. ನಿಯಮ ನಿನಗೆ ಗೊತ್ತೇ ಇದೆ. ಸೂರ್ಯ ಹೋಗುವ ದಿಕ್ಕಿಗೇ ಸುತ್ತಬೇಕು, ಏಳು ಮನೆಗೂ ಹಿಂಬಾಗಿಲಲ್ಲೇ ನಿಂತು ಹೇಳಬೇಕು, ಕೂರಬಾರದು, ನಡುವೆ ತಿರುಗಿ ಬರಬಾರದು. ಮನೆಗೊಂದು ಗುಟುಕು ಜಿನ್ ಕೊಡುತ್ತಾರೆ. ಹೊಟ್ಟೆಹುಣ್ಣಿಗೆ ಹೆದರಿ ನಾನು ಅದನ್ನೂ ಮುಟ್ಟಲಿಲ್ಲ, ಇದನ್ನು ನೆನಪಿಟ್ಟುಕೋ. ಮುಂದಿನದನ್ನು ಓದಿ, ಕುಡಿದಿದ್ದ ಎಂದು ನೀನೂ ಹೇಳಬೇಡ.

ಹತ್ತು ಗಂಟೆಯ ಹಗಲು. ಆದರೆ ಮಂಜು ಎಷ್ಟಿತ್ತೆಂದರೆ ಇಗರ್ಜಿಯ ದಿಬ್ಬ ಇದ್ದ ಕಡೆ ಬರೀ ಬಿಳಿ. ನನ್ನ ಹೆಜ್ಜೆಯ ಸದ್ದು ಬಿಟ್ಟರೆ ಊರಿನಲ್ಲಿ ಬೇರೆ ಸದ್ದಿಲ್ಲ, ನಾಯಿಗಳೂ ಬೊಗಳಲಿಲ್ಲ. ಬೇಕರಿಯ ಹಿಲ್ಕೆ ಅಕ್ಕ ಕೈಯ ಹಿಟ್ಟು ಒರೆಸಿಕೊಂಡು, "ಹೋದಳಾ ಮಾರಾಯ್ತಿ! ಹೋದ ವಾರದ ಬ್ರೆಡ್ಡು ಗಟ್ಟಿ ಅಂತ ಬೈದು ಹೋಗಿದ್ಲು, ಅದನ್ನ ಒಪ್ಕೊಳ್ಳೋಕೂ ಬಿಡ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಮೇಷ್ಟರ ಮನೆ, ಕಮ್ಮಾರನ ಮನೆ, ಎರಡೂ ಆಯಿತು. ಮೂರು ಮನೆಯಲ್ಲೂ ಇದು ಹೊಸ ಸುದ್ದಿಯೇ. ಅಲ್ಲಿಂದ ಮುಂದೆ ಕಾಲುವೆಯ ಮೇಲಿನ ಹಲಗೆ. ನಮ್ಮ ಹಲಗೆ, ವೀಬೆ. ಒಬ್ಬರು ಮಾತ್ರ ದಾಟುವ ಹಲಗೆಗಾಗಿ ಶಾಲೆಗೆ ಹೋಗುವಾಗ ನಾವು ದಿನಾ ಹೊಡೆದಾಡುತ್ತಿದ್ದೆವು, ಆಗ "ದೊಡ್ಡವನು ನಿಲ್ಲಬೇಕು, ಚಿಕ್ಕವನು ಹೋಗಬೇಕು" ಎಂದು ಅಮ್ಮ ಕಾನೂನು ಮಾಡಿದ್ದಳು. ಕಾಲು ಗಂಟೆ ಮೊದಲು ಹುಟ್ಟಿದ ತಪ್ಪಿಗೆ ನಾನು ಎಷ್ಟು ವರ್ಷ ಆ ಬದಿಯಲ್ಲಿ ನಿಂತೆ!

ಅಂದೂ ನಿಂತೆ. ಎದುರಿಗೆ ಯಾರೂ ಕಾಣಲಿಲ್ಲ. ಹಲಗೆಯ ಮೇಲೆ ಗಟ್ಟಿಯಾಗಿದ್ದ ಹಿಮ ಆಚೆ ತುದಿಯಿಂದ ಈಚೆಗೆ ಕರುಕ್, ಕರುಕ್ ಎಂದು ಮುರಿಯುತ್ತ ಬಂತು. ನಾನು ಪಕ್ಕಕ್ಕೆ ಸರಿದು, ಟೋಪಿ ತೆಗೆದು, "ಹೋಗೋ, ನೀನು ಮೊದಲು ಹೋಗು" ಎಂದೆ. ಬಾಯಿಂದ ತಾನಾಗಿ ಬಂತು. ಸದ್ದು ನನ್ನನ್ನು ದಾಟಿತು. ಆಮೇಲೆ ಒಂದು ವಾಸನೆ, ಆಗತಾನೆ ಗರಗಸ ಹಾಕಿದ ಮರದ್ದು, ಹಸಿ ಅಂಟಿನದು. ಹುಡುಕಿದರೂ ಇಪ್ಪತ್ತು ಮರ ಸಿಗದ ಈ ಬಯಲಿನಲ್ಲಿ, ಈ ಹಿಮದಲ್ಲಿ, ಮರ ಕೊಯ್ಯುವವರು ಯಾರು? ನೆಗಡಿಯ ಮೂಗು ಏನೇನೋ ಹೇಳುತ್ತದೆ ಎಂದು ನನಗೆ ನಾನೇ ಜೋಕು ಮಾಡಿಕೊಂಡು ದಾಟಿದೆ. ನಗು ಬರಲಿಲ್ಲ.

ಹಲಗೆಯಾಚೆ ಮೊದಲ ಮನೆ ಹಾರ್ಕೆಯದು. ಅವನು ಕೊಟ್ಟಿಗೆ ಬಾಗಿಲು ತೆಗೆದು, ನನ್ನನ್ನು ನೋಡಿ ದನಿ ತಗ್ಗಿಸಿ, "ಮತ್ಯಾಕಪ್ಪಾ ಬಂದೆ? ಈಗ ತಾನೇ ಹೇಳಿ ಹೋದೆಯಲ್ಲ" ಎಂದ. ಏನು ಹೇಳಿದೆ ಎಂದು ಕೇಳಿದೆ. "ಸಾವಾಗಿದೆ, ನಮ್ಮನೇಲಿ, ಅಂದೆ. ಅಷ್ಟೇ ಅಂದು ಹೊರಟುಬಿಟ್ಟೆ. ನಿಮ್ಮಮ್ಮ ತಾನೆ? ಪಾಪ, ದುಃಖಕ್ಕೆ ನಿನಗೆ ಹಿಂದು ಮುಂದು ಗೊತ್ತಾಗ್ತಿಲ್ಲ. ಮುಂಬಾಗಿಲು ತಟ್ಟಿದೆಯಲ್ಲೋ! ಹಿಮ ಕಚ್ಚಿದ ಬಾಗಿಲಿಗೆ ಬಿಸಿನೀರು ಹೊಯ್ದು ಹೊಯ್ದು ತೆಗೆಯೋ ಹೊತ್ತಿಗೆ ನನ್ನ ಸೊಂಟ ಹೋಯ್ತು. ಅಲ್ಲೀವರೆಗೂ ಆ ಚಳೀಲಿ ಕಂಬದ ತರಾ ನಿಂತಿದ್ದೆ." ಇಮ್ಕೆ ಅಜ್ಜಿ ಹೋದಳು ಎಂದೆ. "ಇಬ್ರೂನಾ?" ಎಂದು ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ.

ಮುಂದಿನ ಮೂರು ಮನೆಯಲ್ಲೂ ಇದೇ ಮಾತು. ಮೂರು ಮನೆಯಲ್ಲೂ ಮುಂಬಾಗಿಲು ಅಗಲವಾಗಿ ತೆರೆದಿತ್ತು, ಒಳಗಿನ ಬೆಚ್ಚಗಿನ ಗಾಳಿ ಹೊಗೆಯಂತೆ ಬೀದಿಗೆ ಬರುತ್ತಿತ್ತು. ಯಾರೋ ಕಣ್ಣೊರೆಸಿದರು, ಯಾರೋ ಬೈದರು, ಒಬ್ಬಳು ನನ್ನ ಬಾಯಿ ಮೂಸಿ ನೋಡಿದಳು. ನನಗೆ ಮಾತ್ರ ಒಂದೇ ಯೋಚನೆ: ಮನೆಯಲ್ಲಿ ಅಮ್ಮ. ನಾನು ಹೊರಟಾಗ ನಗುತ್ತಿದ್ದಳಲ್ಲ? ಓಡಿ ಹೋಗೋಣವೆಂದರೆ ನಡುವೆ ಸುತ್ತು ಮುರಿದರೆ ಹೇಳಿದ ಮಾತು ನಿಜವಾಗುತ್ತದೆಂದು ಚಿಕ್ಕಂದಿನಿಂದ ಕೇಳಿದ ಭಯ. ಕಾಲೇಜು ಓದಿದ ತಲೆ ಓಡು ಎಂದಿತು, ಟಾಡುಮಿನ ಕಾಲು ಒಪ್ಪಲಿಲ್ಲ. ಏಳನೇ ಮನೆ ಮುಗಿಸಿ ಕೊಟ್ಟಿಗೆಯೊಳಗೆ ನುಗ್ಗಿದಾಗ ಒಲೆಯ ಮುಂದೆ ಅಮ್ಮ ಆಲೂಗೆಡ್ಡೆ ಹೆರೆಯುತ್ತ, "ಬಾಗಿಲು ಹಾಕೋ, ಹಸು ನಡುಗ್ತವೆ" ಎಂದಳು. ವೀಬೆ, ಬೈಗುಳ ಇಷ್ಟು ಸಿಹಿಯಾಗಿ ನನ್ನ ಕಿವಿಗೆ ಯಾವತ್ತೂ ಬಿದ್ದಿರಲಿಲ್ಲ.

ಹಿಂದೆಯೇ ಕಪ್ಪು ಏಪ್ರನ್ ಕಟ್ಟಿಕೊಂಡ ಹೆಂಗಸರು ಬಂದರು, ಹೆಣಕ್ಕೆ ಉಡಿಸುವ ಬಿಳಿ ಬಟ್ಟೆ ಸಮೇತ. ಅಮ್ಮ ಒಬ್ಬೊಬ್ಬರನ್ನೇ ನೋಡಿ, "ಯಾರಿಗ್ರೇ ಇದು? ನಾನು ಸತ್ತಿದ್ರೆ ನನಗೂ ಒಂದು ಮಾತು ಹೇಳಬಾರದಾ?" ಎಂದಳು. ಹಿಲ್ಕೆ ಅಕ್ಕ ನನ್ನ ಮೇಲೆ ಸಿಡಿದಳು: "ನಿಮ್ಮ ಮಗನ್ನ ಕೇಳಿ! ಮೊದಲು ಹಿಂದೆ ಬಂದು ಇಮ್ಕೆ ಅಜ್ಜಿ ಅಂದ. ಅರ್ಧ ಗಂಟೆ ಬಿಟ್ಟು ಮುಂಬಾಗಿಲಿಗೆ ಬಂದು ನಮ್ಮನೇಲಿ ಅಂದ. ಸಾವಿನಲ್ಲೂ ತಮಾಷೆ ಮಾಡೋನು ಮನುಷ್ಯನಾ?" ಅಂದರೆ ನನ್ನ ಎದುರು ದಿಕ್ಕಿನಿಂದ ಸುತ್ತಿ ಬಂದವನು ಆಚೆಯ ನಾಲ್ಕು ಮನೆಗೆ ನನಗಿಂತ ಮೊದಲೇ ಹೋಗಿದ್ದಾನೆ, ಈಚೆಯ ಮೂರಕ್ಕೆ ನನ್ನ ನಂತರ. ನಡುವೆ ನಾವು ಎದುರಾಗಲೇಬೇಕಿತ್ತು. ಎದುರಾಗುವುದಕ್ಕೆ ಇದ್ದ ದಾರಿ ಆ ಹಲಗೆಯೊಂದೇ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕೇಳಿದಳು: "ಹಿಲ್ಕೆ, ಟೋಪಿ ಯಾವ ಕೈಲಿತ್ತು?" ಹಿಲ್ಕೆ ಅಕ್ಕ ತನ್ನೆರಡು ಕೈಯನ್ನೂ ನೋಡಿಕೊಂಡು, ಕೊನೆಗೆ ಎಡಗೈ ಎತ್ತಿದಳು. ಆಮೇಲೆ ಆ ಕೈ ಇಳಿಸುವುದನ್ನು ಮರೆತಳು. ಅವಳಿಗಳ ಹಾವಳಿಯಲ್ಲಿ ಈ ಊರು ಮೂವತ್ತು ವರ್ಷ ಮೋಸ ಹೋಗಿದೆ, ನನ್ನ ಪೆಟ್ಟು ನೀನು, ನಿನ್ನದು ನಾನು ತಿಂದಿದ್ದೇವೆ. ನಮ್ಮಲ್ಲಿ ಎಡಚ ನೀನು ಎಂಬುದೊಂದೇ ಊರಿಗೆ ಸಿಕ್ಕಿದ್ದ ಗುರುತು. ಅಮ್ಮ ಚಾಕುವನ್ನು ಆಲೂಗೆಡ್ಡೆಯೊಳಗೇ ಬಿಟ್ಟು ಎದ್ದಳು. ಹೊರಗೆ ಹೋಗಿ ನಮ್ಮ ಮುಂಬಾಗಿಲ ಮುಂದೆ ನೋಡಿ ಬಾ ಎಂದಳು. ನೋಡಿದೆ. ಮೆಟ್ಟಿಲ ಮೇಲೆ ಮೊಣಕಾಲುದ್ದ ಹಿಮ, ಒಂದು ಹಕ್ಕಿಯ ಹೆಜ್ಜೆಯೂ ಇಲ್ಲ. ಊರಿನ ಏಳು ಮುಂಬಾಗಿಲು ತಟ್ಟಿದವನು ನಮ್ಮದನ್ನು ಮಾತ್ರ ಬಿಟ್ಟಿದ್ದ. ಸಾವಾದ ಮನೆಗೆ ಸಾವು ಹೇಳಲು ಯಾರೂ ಹೋಗುವುದಿಲ್ಲ ಎಂದು ಹೆಂಗಸರಲ್ಲಿ ಯಾರೋ ಪಿಸುಗುಟ್ಟಿದರು. ಅಮ್ಮ ಅವರನ್ನೆಲ್ಲ ಹೊರಗೆ ಅಟ್ಟಿ, "ಬಂದಿಲ್ಲ ಅಂದ್ರೆ ಇನ್ನೂ ಬಂದಿಲ್ಲ ಅಂತ ಅರ್ಥ. ಅಷ್ಟೇ" ಎಂದಳು.

ಇಮ್ಕೆ ಅಜ್ಜಿಯ ಮಣ್ಣು ಸೋಮವಾರ ಆಯಿತು. ಪಾದ್ರಿಗಳು ಅಜ್ಜಿಯನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಗೇಲಿ ಮಾಡುವವರ ಗತಿಯ ಬಗ್ಗೆ ನನ್ನ ಮುಖ ನೋಡುತ್ತಲೇ ಮುಕ್ಕಾಲು ಗಂಟೆ ಮಾತಾಡಿದರು. ಅದು ನಾನಲ್ಲ ಎಂದು ಎಷ್ಟು ಹೇಳಿದರೂ ಅರ್ಧ ಊರು ನಂಬುವುದಿಲ್ಲ. ನನಗೂ ಆ ಅರ್ಧವೇ ಹಿತ. ಅದು ನಾನೇ ಆಗಿದ್ದರೆ, ಕುಡಿದು, ಹುಚ್ಚು ಹಿಡಿದು ನಾನೇ ಎರಡು ಸಲ ಸುತ್ತಿದ್ದರೆ, ನೀನು ಅಲ್ಲಿ ಯಾವುದೋ ಗುಡಿಸಲಲ್ಲಿ ಬೆಚ್ಚಗೆ ಕೂತು ಸ್ಟೋವಿನ ಮೇಲೆ ಬೀನ್ಸ್ ಬೇಯಿಸುತ್ತಿದ್ದೀಯ ಎಂದು ತಿಳಿಯಬಹುದು. ದೇವರಾಣೆ, ಊರಿನ ಬೈಗುಳವೆಲ್ಲ ನನಗಿರಲಿ.

ಆರು ವರ್ಷದಿಂದ ಬರೆಯಬೇಕಾಗಿದ್ದ ಮಾತೊಂದಿದೆ. ಅಂದು ಬಂದರಿನಲ್ಲಿ ನನಗೆ ಹಡಗಿನ ಭಯವಿರಲಿಲ್ಲ. ಅಮ್ಮನ ನೆಪ ಹೇಳಿಕೊಂಡೆ, ಅದೂ ಪೂರ್ತಿ ನಿಜವಲ್ಲ. ಎಲ್ಲಿ ಹೋದರೂ ನಾವಿಬ್ಬರು ಒಂದೇ ಮುಖ. ಒಮ್ಮೆಯಾದರೂ ಒಬ್ಬನೇ ಇದ್ದರೆ ಹೇಗಿರುತ್ತದೆ ನೋಡೋಣ ಅನ್ನಿಸಿತು. ನೋಡಿದೆ. ಚೆನ್ನಾಗಿಲ್ಲ. ಕನ್ನಡಿಯಲ್ಲಿ ಗಡ್ಡ ಕೆರೆಯುವಾಗೆಲ್ಲ ಎಡಗೈಯವನೊಬ್ಬ ನನ್ನನ್ನೇ ನೋಡುತ್ತಾನೆ. ಕ್ಷಮಿಸು ಎಂದು ಬರೆದರೆ ಸಾಲದು, ಆದರೆ ಬರೆಯದೆ ಇದ್ದದ್ದಂತೂ ಸಾಲಲೇ ಇಲ್ಲ. ಕ್ಷಮಿಸು.

ಹಾರ್ಕೆ, ಹಿಲ್ಕೆ ಅಕ್ಕ ನಿನಗೆ ನೆನಪು ಹೇಳಿದ್ದಾರೆ, ಹೇಳುವಾಗ ಇಬ್ಬರೂ ನನ್ನ ಕಣ್ಣು ತಪ್ಪಿಸಿದರು. ಅಮ್ಮನ ಮುತ್ತು, ಅವಳ ಆಶೀರ್ವಾದ. ದೇವರು ನಿನ್ನ ಕೊಡಲಿಯನ್ನೂ ಕಾಲನ್ನೂ ಒಂದಕ್ಕೊಂದು ದೂರ ಇಟ್ಟಿರಲಿ.

ನಿನ್ನ ಕಾಲು ಗಂಟೆಯ ಅಣ್ಣ,
ಯೋರಿಟ್

ಮರೆತ ಮಾತು: ಅಂಚೆಯವನು ಕೊಟ್ಟಿಗೆ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಮ್ಮ ಆ ಗುರುವಾರದಿಂದ ಬೆಂಕಿಯಿಲ್ಲದ ಮುಂದಿನ ಕೋಣೆಯಲ್ಲಿ, ಮುಂಬಾಗಿಲಿಗೆ ಕುರ್ಚಿ ಒತ್ತಿಕೊಂಡು, ಬೆನ್ನು ಅದಕ್ಕೆ ಕೊಟ್ಟು ಕೂತಿದ್ದಾಳೆ. ಕಾಲಡಿಗೆ ಕೆಂಡದ ಪೆಟ್ಟಿಗೆ ಇಟ್ಟರೂ ತುಟಿ ನೀಲಿಯಾಗಿದೆ, ಎರಡು ದಿನದಿಂದ ಕೆಮ್ಮು. ಎಬ್ಬಿಸಲು ಹೋದರೆ ಬಾಗಿಲ ಕಡೆ ತಿರುಗಿ, "ನನ್ನ ಮಗ ಈ ಬಾಗಿಲಿಂದ ಬರೋನಲ್ಲ" ಎನ್ನುತ್ತಾಳೆ. ನಿನ್ನ ಕೈಯ ಅಕ್ಷರ ನೋಡಿದರೆ ಮಾತ್ರ ಏಳುತ್ತಾಳಂತೆ. ತಂತಿ ಬೇಡ, ಅದು ಬೇರೆಯವರ ಅಕ್ಷರ. ಎಡಕ್ಕೆ ವಾಲಿದ ನಿನ್ನ ಒಂದು ಸಾಲು ಸಾಕು. ಈಗ ಅವಳೇ ಒಳಗಿನಿಂದ ಕೂಗಿ ಬರೆಸುತ್ತಿದ್ದಾಳೆ, ಅವಳ ಮಾತಿನಲ್ಲೇ ಬರೆಯುತ್ತೇನೆ: "ಚಳೀಲಿ ಹೊರಗೆ ನಿಲ್ಲಬೇಡ ಮಗಾ. ಸುತ್ತಿಕೊಂಡು ಹಿಂದೆ ಬಾ. ಕೊಟ್ಟಿಗೆ ಚಿಲಕ ಹಾಕಿಲ್ಲ."