ನಗುಮುಖಕ್ಕೆ ಸಂದ ಅಂಕಗಳು

ಕೀಲು ಬದಲಾವಣೆ ಸಂಶೋಧನಾ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ಇಂದು ಮಾರ್ಚ್ ಹನ್ನೊಂದು. ಕೃತಕ ಮಂಡಿಗಳ ಫಲಿತಾಂಶ ಕುರಿತ ಅಧ್ಯಯನಕ್ಕೆ ನನ್ನ ಸಹಪಾಠಿಯನ್ನು ಮುಖ್ಯಸ್ಥೆಯಾಗಿ ನೇಮಿಸಿದ ತಮ್ಮ ಆದೇಶವನ್ನು ಬಹಿರಂಗವಾಗಿ ಪ್ರಶ್ನಿಸುವುದು, ಅದೇ ಆದೇಶದಲ್ಲಿ ನನಗೆ ದಯಪಾಲಿಸಿದ ಸಹಾಯಕಿಯ ಹುದ್ದೆಗೆ ಉತ್ತರ ಕೊಡುವುದು ಈ ಪತ್ರದ ಉದ್ದೇಶ.

ಇದು ಹೊಟ್ಟೆಕಿಚ್ಚು ಎಂದು ತಮ್ಮ ಕಚೇರಿಯಲ್ಲಿ ಈಗಾಗಲೇ ಯಾರಾದರೂ ಅಂದಿರಬಹುದು. ಅವರ ಊಹೆ ಸರಿ. ಒಂದೇ ಬೆಂಚಿನಲ್ಲಿ ಕುಳಿತು ಪ್ರತಿ ಪರೀಕ್ಷೆಯಲ್ಲೂ ನನ್ನ ಹಿಂದೆ ಉಳಿದವಳು ಇಂದು ಮುಂದೆ ಹೋದಾಗ ಹೂಗುಚ್ಛ ಹಿಡಿದು ನಿಲ್ಲುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೆ ಹೊಟ್ಟೆ ಉರಿದವರ ಕಣ್ಣು ಮಸುಕಾಗಲೇಬೇಕೆಂಬ ನಿಯಮವಿದೆಯೇ? ಈ ನೇಮಕಕ್ಕೆ ಕಾರಣವಾದ, ಅಧ್ಯಯನದ ಮೊದಲ ಹಂತದ ಆಕೆಯ ವರದಿಯನ್ನು ನನ್ನಷ್ಟು ಶ್ರದ್ಧೆಯಿಂದ ತಾವು ಓದಿಲ್ಲ. ತಾವು ಮೆಚ್ಚಲು ಓದಿದಿರಿ, ನಾನು ತಪ್ಪು ಹುಡುಕಲು ಓದಿದೆ.

ತಪ್ಪು ಸಿಕ್ಕಿತು. ಮಂಡಿ ಬದಲಿಸಿ ವರ್ಷವಾದ ಬಳಿಕ ರೋಗಿಯನ್ನು ನೋವಿನ ಬಗ್ಗೆ ಕೇಳಿ ಅಂಕ ಹಾಕುವುದು ಕ್ರಮ; ನೋವೇ ಇಲ್ಲವೆಂದರೆ ಪೂರ್ಣ ಅಂಕ. ಇಲ್ಲಿ ಹಾಗೆ ಕೇಳುವವಳು ಶಸ್ತ್ರಚಿಕಿತ್ಸೆ ಮಾಡಿದವಳೇ. ನನ್ನ ದೊಡ್ಡಮ್ಮನ ಮಂಡಿಯನ್ನು ಬದಲಿಸಿದವಳೂ ಆಕೆಯೇ. ಹೌದು, ನಮ್ಮ ಮನೆಯವರು ನನ್ನನ್ನು ಬಿಟ್ಟು ಆಕೆಯನ್ನು ಆರಿಸಿಕೊಂಡರು, ಅದನ್ನೂ ನುಂಗಿಕೊಂಡಿದ್ದೇನೆ. ಕಳೆದ ತಿಂಗಳ ತಪಾಸಣೆಗೆ ನಾನೇ ದೊಡ್ಡಮ್ಮನ ಜೊತೆ ಹೋದೆ. ಆಕೆ ಮಂಡಿ ಸವರುತ್ತ, "ನೋವೇನಾದ್ರೂ ಇದೆಯಾ ದೊಡ್ಡಮ್ಮಾ?" ಎಂದಳು.

"ನೀನು ಮುಟ್ಟಿದ ಮೇಲೆ ಇನ್ನೆಲ್ಲಿ ನೋವಮ್ಮಾ? ಕುಣೀತೀನಿ, ಬೇಕಾದ್ರೆ ನೋಡು!"

ಪೂರ್ಣ ಅಂಕ. ಹೊರಗೆ ಮೆಟ್ಟಿಲ ಬಳಿ ಬಂದೊಡನೆ ದೊಡ್ಡಮ್ಮ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದರು. "ಲಿಫ್ಟ್ ಎಲ್ಲೇ? ಇಳಿಯೋವಾಗ ಜೀವ ಹೋಗತ್ತೆ."

"ಒಳಗೆ ಕುಣೀತೀನಿ ಅಂದ್ರಲ್ಲ?"

"ಅಷ್ಟು ಅಕ್ಕರೆಯಿಂದ ಕೇಳೋ ಹುಡುಗಿಗೆ ನೋಯತ್ತೆ ಅನ್ನೋಕೆ ಬಾಯಿ ಬರತ್ತೇನೇ? ನಿನ್ನ ಮುಖ ನೋಡಿದ್ರೆ ಮಾತ್ರ ಎಲ್ಲಾ ನೋವೂ ನೆನಪಾಗತ್ತೆ."

ಮಾನ್ಯರೇ, ತಮ್ಮ ಅಧ್ಯಯನ ಅಳೆದದ್ದು ಮಂಡಿಯನ್ನೋ, ದಾಕ್ಷಿಣ್ಯವನ್ನೋ? ಪೂರ್ಣ ಅಂಕ ಬಂದ ಮಂಡಿಗೆ ಮುಂದಿನ ಚಿಕಿತ್ಸೆಯಿಲ್ಲ ಎಂಬುದು ತಮಗೆ ತಿಳಿಯದೇ? ಆಕೆಯ ರೋಗಿಗಳಲ್ಲಿ ಹಲವರನ್ನು ನಾನು ಮತ್ತೆ ಕೇಳಿದೆ. ಮೆಟ್ಟಿಲಿನ ಮಾತೆತ್ತಿದೊಡನೆ ಅರ್ಧಕ್ಕರ್ಧ ಜನ ಮುಖ ಕಿವುಚಿದರು. ನನಗೆ ಯಾರೂ ದಾಕ್ಷಿಣ್ಯ ತೋರಲಿಲ್ಲ. ಆಕೆಯ ಹೆಸರು ಬಂದಾಗ ಮಾತ್ರ ಅವರ ಮುಖ ಅರಳಿತು. ಅದಕ್ಕೆ ನನ್ನ ಪ್ರಶ್ನೆಗಳಲ್ಲಿ ಅಂಕವಿರಲಿಲ್ಲ, ಆದರೂ ಮರೆಯಲಾಗಿಲ್ಲ.

ಶಸ್ತ್ರಚಿಕಿತ್ಸೆ ಮಾಡಿದವರೇ ಫಲಿತಾಂಶ ಕೇಳುವ ಪದ್ಧತಿ ನಿಲ್ಲಲಿ. ಆಕೆಯ ರೋಗಿಗಳೆಲ್ಲರನ್ನೂ ಅಪರಿಚಿತರೊಬ್ಬರು ಹೊಸದಾಗಿ ಕೇಳಲಿ. ಅದು ನಾನೇ ಆಗಬೇಕಿಲ್ಲ. ಅಲ್ಲಿಯವರೆಗೆ ವರದಿ ಪ್ರಕಟವಾಗಬಾರದು.

ಸಹಾಯಕಿಯ ಹುದ್ದೆಯನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಇಂತಿ,
ಚಿನ್ನದ ಪದಕವನ್ನಷ್ಟೇ ಗೆಲ್ಲಬಲ್ಲ ವೈದ್ಯೆ