ಸದ್ದು ಆರಿಸಿದ ಮೇಲೆ

ಆಗಸ್ಟ್ 28, ಗುರುವಾರ
ದಶಲಕ್ಷಣ ಪರ್ವದ ಮೊದಲ ದಿನ. ಬಸದಿಯಿಂದ ಬಂದು ಹೆಸರುಕಾಳು ಆರಿಸುತ್ತಿದ್ದೆ. ಮಗಳ ರೂಮಿನಲ್ಲಿ ಆಗಲೇ ಗುಂಡಿನ ಸದ್ದು. ನಡುನಡುವೆ ‘ಟಿಂಗ್’. ಆಟದಲ್ಲಿ ಗುಂಡು ತಲೆಗೇ ಬಿದ್ದರೆ ಮಾತ್ರ ಬರುವ ಸದ್ದಂತೆ.

“ಹತ್ತು ದಿನ ಬಿಡೇ ತ್ರಿಷಾ, ಆ ಗೇಮು,” ಎಂದರು ಅತ್ತೆ.

“ಯಾರೂ ಸಾಯಲ್ಲ ಅಜ್ಜಿ. ಎಲ್ರೂ ಮತ್ತೆ ಎದ್ದು ಬರ್ತಾರೆ.”

“ಎದ್ದು ಬಂದೋರ್ನ ಮತ್ತೆ ಹೊಡೀತೀಯಲ್ಲ, ಅದಿನ್ನೂ ಪಾಪ ಕಣೆ!”

ಜಗಳ ಬೇಡವೆಂದು ನಾನೇ ದಾರಿ ಹುಡುಕಿದೆ. ತ್ರಿಷಾಗೆ, ಆಡು, ಆದರೆ ಮ್ಯೂಟ್. ಅತ್ತೆಗೆ, ಬಿಟ್ಟಳು ಎಂದೆ. ಪರ್ವದ ಮೊದಲ ದಿನವೇ ಸುಳ್ಳು.

ಆಗಸ್ಟ್ 30
ನೋಡದೆ ನಲ್ಲಿ ತಿರುಗಿಸಿದೆ. ಸಿಂಕ್‌ನಲ್ಲಿದ್ದ ಇರುವೆ ಕೊಚ್ಚಿಹೋಯಿತು. ಟಿಂಗ್.
ತ್ರಿಷಾ ಕಾಲೇಜಿನಲ್ಲಿ. ಲ್ಯಾಪ್‌ಟಾಪ್ ಆಫ್. ಪಾತ್ರೆಯ ಸದ್ದಿರಬಹುದು...

ಸೆಪ್ಟೆಂಬರ್ 2
ಬಾಗಿಲ ಸಂದಿಗೆ ಹಲ್ಲಿ ಸಿಕ್ಕಿತು. ಟಿಂಗ್.
ಪಾತ್ರೆಯಲ್ಲ.

ಸೆಪ್ಟೆಂಬರ್ 5, ಮಧ್ಯಾಹ್ನ
ಅತ್ತೆಯದು ಎರಡು ದಿನದಿಂದ ಉಪವಾಸ, ನೀರೂ ಇಲ್ಲ. ಎಪ್ಪತ್ತೆಂಟು ವಯಸ್ಸು, ಬಿಪಿ ಬೇರೆ. ಅವರ ಕೋಣೆಯಿಂದ ಬೀಪ್... ಬೀಪ್... ಗಡಿಯಾರವಲ್ಲ, ಫೋನಲ್ಲ. ತ್ರಿಷಾಗೆ ಬಾಯಲ್ಲೇ ಮಾಡಿ ತೋರಿಸಿದೆ.

“ಬಾಂಬ್ ಇಟ್ಟಾಗ ಬರತ್ತಮ್ಮ. ಟೈಮ್ ಕಮ್ಮಿ ಆದಂಗೆಲ್ಲ ಫಾಸ್ಟ್ ಆಗತ್ತೆ. ಸಿಡೀದಂಗೆ ಹತ್ರ ಕೂತು ಡಿಫ್ಯೂಸ್ ಮಾಡ್ಬೇಕು. ಮಧ್ಯದಲ್ಲಿ ಕೈ ಬಿಟ್ರೆ ಮತ್ತೆ ಮೊದ್ಲಿಂದ. ಬೀಪ್ ನಿಂತ್ರೆ ಒಂದೋ ಬಚಾವ್, ಇಲ್ಲಾ ಸಿಡೀತು ಅಂತ.”

“ಆ ಗೇಮ್ ತೆಗೆದುಹಾಕು, ಈಗಲೇ.”

“ಸೋಮವಾರವೇ ತೆಗೆದೆ.” ನನ್ನ ಮುಖ ನೋಡಲಿಲ್ಲ. “ಸೌಂಡ್ ಇಲ್ದೆ ಆಡಿದ್ರೆ... ನಿಜವಾಗ್ಲೂ ಸಾಯ್ತಿದಾರೆ ಅನ್ಸೋದು.”

ಸೆಪ್ಟೆಂಬರ್ 6, ಅನಂತ ಚತುರ್ದಶಿ, ಸಂಜೆ 4.10
ಬೀಪ್ ಬಿರುಸಾಗಿದೆ. ಲೋಟ ಹಿಡಿದರೆ ಅತ್ತೆ ಮುಖ ತಿರುಗಿಸುತ್ತಾರೆ. “ನಾಳೆ ಪಾರಣೆ. ಒಂದಿನ ತಡ್ಕೊಳೇ.” ತುಟಿ ಬಿರಿದಿದೆ. ಡಾಕ್ಟರನ್ನು ಕರೆತರಲು ತ್ರಿಷಾ ಸ್ಕೂಟರ್ ತೆಗೆದುಕೊಂಡು ಹೋದಳು.

ಹೇಳಿಬಿಟ್ಟೆ. “ಅತ್ತೆ, ಅವಳು ಆಟ ಬಿಟ್ಟಿರಲಿಲ್ಲ. ಸದ್ದು ಮಾತ್ರ ಆರಿಸಿದ್ದು. ನಾನೇ ಹೇಳಿಕೊಟ್ಟೆ. ಕ್ಷಮಿಸಿ.”

ಹೇಳಿದರೆ ಬೀಪ್ ನಿಲ್ಲುತ್ತದೆ ಎಂದುಕೊಂಡಿದ್ದೆನೆ? ಕ್ಷಮೆ ಕೇಳಿದ್ದು ಅದಕ್ಕೇನೆ?

ಅತ್ತೆ ನಕ್ಕರು. “ಎಲ್ಲೇ ಆರಿಸಿದ್ದೀಯ? ನೆನ್ನೆಯಿಂದ ತಲೆದಿಂಬಿನ ಕೆಳಗೇ ಬೀಪ್ ಬೀಪ್ ಅಂತ ಹೊಡ್ಕೊತಿದೆಯಲ್ಲ.”

4.25
ಎಡಗೈಯಲ್ಲಿ ಅವರ ಕೈ. ಬಿಡುವುದಿಲ್ಲ. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಈಗ ಎಣಿಸಲೂ ಆಗದಷ್ಟು ಬೇಗ —

ನಿಂತಿತು.

ಕೈ ಬಿಟ್ಟಿಲ್ಲ. ನಾನು ಬಿಟ್ಟಿಲ್ಲ. ಅತ್ತೆಯ ಬೆರಳು