ನೇರಳೆ ಅಂಬಲಿ

೧೧ ಜುಲೈ ೧೯೭೪, ಗುರುವಾರ. ಕರೂರು, ಸಿರುಗುಪ್ಪ ತಾಲ್ಲೂಕು

ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಬೆಳಗಿನ ರೊಟ್ಟಿ ನಿಲ್ಲಿಸಿದ್ದಾರೆ. ನಿಲ್ಲಿಸಿದವರು ನಮ್ಮ ದೊಡ್ಡಪ್ಪ ಚಿದಾನಂದಪ್ಪನವರು. ಅವರನ್ನು ನೋಡಿ ಊರಿನ ಉಳಿದ ಗದ್ದೆಯವರೆಲ್ಲ. ಗದ್ದೆಗೆ ಇಳಿಯುವ ಮೊದಲು ಆಳಿಗೆ ಎರಡು ರೊಟ್ಟಿ, ಮೇಲಿಷ್ಟು ಚಟ್ನಿಪುಡಿ — ಮೊದಲಿನಿಂದ ಇದ್ದ ಪದ್ಧತಿ. ಈ ವರ್ಷ ಇಲ್ಲ. ಹತ್ತು ಗಂಟೆಗೆ ಅರ್ಧ ಚಿಪ್ಪು ಚಹಾ. ಅಷ್ಟೇ.

ಚಿಪ್ಪು ಎಂದರೆ ತೆಂಗಿನ ಚಿಪ್ಪು. ಬದುವಿನ ಜಾಲಿಗೆ ಇಪ್ಪತ್ತೆರಡು ಸಿಕ್ಕಿಸಿಟ್ಟಿದ್ದಾರೆ, ಒಬ್ಬೊಬ್ಬರಿಗೆ ಒಂದು. ತಾಕದ ಹಾಗೆ ಮೇಲಿನಿಂದ ಸುರಿಯುತ್ತಾರೆ. ಬಳ್ಳಾರಿಯಲ್ಲಿ ಪಿಯುಸಿ ಓದಿದ ಎರಡು ವರ್ಷ ಇದೆಲ್ಲ ಕಣ್ಣಿಗೆ ಬಿದ್ದಿರಲಿಲ್ಲ. ಇವತ್ತು ನಿಂತು ಒಂದೊಂದೇ ಎಣಿಸಿದೆ.

ಒಂಬತ್ತರ ಹೊತ್ತಿಗೆ ದುರುಗಮ್ಮ ಬಿದ್ದಳು. ನಾಟಿ ಗುಂಪಿಗೆ ಮುಂದಾಳು ಅವಳೇ. ಸಸಿ ಕಟ್ಟು ಕೈಯಲ್ಲಿ ಹಿಡಿದಂತೆಯೇ ಕೆಸರಿಗೆ ಮುಖ ಅಡಿಯಾಗಿ. ಜೊತೆಯ ಹೆಂಗಸರು ಎತ್ತಿ ಬದುವಿಗೆ ಹಾಕಿದರು. ಬಿಸಿಲಿಗೆ ತಲೆ ತಿರುಗಿದೆ ಎಂದರು ದೊಡ್ಡಪ್ಪ. ಮೋಡ ಕವಿದಿತ್ತು. ನಿನ್ನೆ ಸಂಜೆಯಿಂದ ಏನೂ ತಿಂದಿಲ್ಲ ಎಂದು ಪಕ್ಕದಲ್ಲಿದ್ದ ಸುಂಕಲಮ್ಮ ಹೇಳಿದಳು, ನೆಲ ನೋಡಿಕೊಂಡು.

ನಾನು ಉಪ್ಪಿಟ್ಟು ತಿಂದು ಹೋಗಿದ್ದೆ. ಎರಡು ಸಲ ಹಾಕಿಸಿಕೊಂಡು.

೧೨ ಜುಲೈ, ಶುಕ್ರವಾರ

ಟ್ರಂಕಿನಿಂದ ಕರಪತ್ರಗಳನ್ನು ತೆಗೆದೆ. ಬಳ್ಳಾರಿಯ ನಿಸರ್ಗ ಚಿಕಿತ್ಸಾ ಕ್ಯಾಂಪಿನಲ್ಲಿ ಹಂಚಿದ್ದು, ಹನ್ನೊಂದು ಇವೆ. ಹಾಲು ಕರುವಿನ ಹಕ್ಕು ಎಂದು ಅದರಲ್ಲೇ ಓದಿ ನಾನು ಹಾಲು ಬಿಟ್ಟಿದ್ದು, ಈಗ ಏಳು ತಿಂಗಳು. ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆಗರುವಿನ ಮೂತಿಗೆ ಕುಕ್ಕೆ ಕಟ್ಟುತ್ತಾರೆ, ಹಾಲು ಸಿರುಗುಪ್ಪದ ಹೋಟೆಲಿಗೆ ಹೋಗುತ್ತದೆ. ಕರುವಿಗೂ ಇಲ್ಲ, ಆಳಿಗೂ ಇಲ್ಲ.

ಬೆಳಗಿನ ಆಹಾರ ಹೇಗಿರಬೇಕೆಂದು ಒಂದರಲ್ಲಿದೆ. ಕಾಳು, ಧಾನ್ಯ, ಹಣ್ಣು ಮೂರೂ ಒಂದೇ ಲೋಟದಲ್ಲಿ. ನಮ್ಮಲ್ಲಿ ಏನಿಲ್ಲ? ಶೇಂಗಾ ಅಟ್ಟದ ಮೇಲಿದೆ. ಜೋಳ ಇದೆ. ಹಣ್ಣಿಗೆ ಇದು ನೇರಳೆ ಕಾಲ, ಕಾಲುವೆ ದಂಡೆಯಲ್ಲಿ ಗಿಡದ ಕೆಳಗೆ ಬಿದ್ದು ಕೊಳೆಯುತ್ತಿವೆ.

ರೊಟ್ಟಿ ಅವರು ಕೊಡದಿದ್ದರೆ ಅಂಬಲಿ ನಾನು ಕೊಡುತ್ತೇನೆ. ಮಧ್ಯಾಹ್ನದವರೆಗೆ ಹೊಟ್ಟೆ ಕೂಗಬಾರದು, ಅಂಥದ್ದು.

೧೩ ಜುಲೈ, ಶನಿವಾರ. ಬೆಳಿಗ್ಗೆ

ಪ್ರಯೋಗ ಕೆಟ್ಟಿತು. ಹಣ್ಣನ್ನು ಬೀಜ ಸಮೇತ ರುಬ್ಬಿದೆ. ಕಹಿ. ಒಗರಿಗೆ ಗಂಟಲು ಕಟ್ಟಿಕೊಂಡಿತು. ಶೇಂಗಾ ನೆನೆಸಿರಲಿಲ್ಲ, ಹಸಿ ವಾಸನೆ. ಬಣ್ಣ ನೋಡಿದರೆ ಎಮ್ಮೆ ತೊಳೆದ ನೀರಿನ ಹಾಗೆ. ದೊಡ್ಡಮ್ಮ ಬಗ್ಗಿ ನೋಡಿ, ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ಅರ್ಧ ಲೋಟ ಹಟದಿಂದ ಕುಡಿದೆ. ಉಳಿದದ್ದು ತಿಪ್ಪೆಗೆ.

ಅದೇ ದಿನ, ಸಂಜೆ

ದುರುಗಮ್ಮ ಮನೆ ಮುಂದೆ ಹಾದು ಹೋಗುತ್ತಿದ್ದಳು. ಹುಷಾರಾಗಿದ್ದಾಳೆ. ಕಟ್ಟೆಯ ಮೇಲಿನ ಒರಳು ನೋಡಿ ಯಾಕೆ ಇಷ್ಟು ಕರ್ರಗೆ ಎಂದು ಕೇಳಿದಳು. ಹೇಳಿದೆ. ಬಾಯಿ ಮುಚ್ಚಿಕೊಂಡು ನಕ್ಕಳು.

"ಬೀಜ ಯಾರಾರ ರುಬ್ಬತಾರೇನ್ರಿ ಸಣ್ಣ ಸಾವ್ಕಾರ್ರ? ಹಣ್ಣು ಉಪ್ಪಿನ ನೀರಾಗ ಹಾಕ್ರಿ, ಒಗರು ಹೋಕ್ಕೈತಿ. ಆಮ್ಯಾಲ ಕೈಲೆ ಹಿಚಗ್ರಿ."

ಹನ್ನೊಂದು ಕರಪತ್ರದಲ್ಲಿ ಈ ಮಾತು ಒಂದರಲ್ಲೂ ಇಲ್ಲ.

೧೫ ಜುಲೈ, ಸೋಮವಾರ

ಆಯಿತು. ಬರೆದಿಡುತ್ತೇನೆ.

ಸಂಜೆ ಎರಡು ಸೇರು ಶೇಂಗಾ ನೆನೆಸಿದೆ. ದೊಡ್ಡ ಪಾತ್ರೆ ಜೋಳದ ನುಚ್ಚು ಬೇಯಿಸಿಟ್ಟೆ. ನಾಲ್ಕಕ್ಕೆ ಎದ್ದು ಶೇಂಗಾ ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿ, ಬಿಸಿನೀರು ಹಾಕಿ, ಹಳೇ ಧೋತರದಲ್ಲಿ ಹಿಂಡಿದೆ. ಹಾಲೇ ಬಂತು. ಬಿಳಿ, ಗಟ್ಟಿ, ಕುಕ್ಕೆ ಯಾರ ಮೂತಿಗೂ ಕಟ್ಟದ ಹಾಲು. ಅದಕ್ಕೆ ನುಚ್ಚು, ಹದಿನೈದು ಬಾಳೆಹಣ್ಣು, ಅಂಗೈಯಷ್ಟು ಬೆಲ್ಲ, ಉಪ್ಪುನೀರಿನಲ್ಲಿ ಅದ್ದಿ ಹಿಚುಕಿದ ನೇರಳೆ ತಿರುಳು. ನೇರಳೆ ಸಾಲದೆ ನಿನ್ನೆ ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವ ಪೀರಸಾಬರ ಬುಟ್ಟಿಯಿಂದ ತಂದಿದ್ದೆ, ಕುರುಗೋಡಿನ ಕಡೆಯ ಹಣ್ಣು, ದಪ್ಪ. ಎಲ್ಲ ಸೇರಿಸಿ ಕಡೆಗೋಲಿನಿಂದ ಕಡೆದೆ. ದೊಡ್ಡಮ್ಮ ಮಾತಾಡದೆ ಬಂದು ಒರಳಿನ ಇನ್ನೊಂದು ಕಡೆ ಕೂತು ಗುಂಡು ತಿರುಗಿಸಿದಳು.

ಮನೆಯ ಹನ್ನೆರಡು ಸ್ಟೀಲ್ ಗ್ಲಾಸ್ ಚೀಲದಲ್ಲಿ ಹಾಕಿಕೊಂಡು ಹೋದೆ. ಚಿಪ್ಪು ಬೇಡ ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ದುರುಗಮ್ಮ ಮೊದಲು ತಗೊಂಡಳು. ಆಮೇಲೆ ಎಲ್ಲರೂ, ಸರದಿಯ ಮೇಲೆ. ಸುಂಕಲಮ್ಮ ಎರಡು ಗ್ಲಾಸ್ ಕುಡಿದು, ಇದು ಅಂಬಲಿಯೋ ಸಾಲಿ ಹುಡುಗರ ಶಾಯಿಯೋ ಎಂದಳು. ಎಲ್ಲರೂ ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ಕಡುನೀಲಿ.

ಒಂದೂವರೆಗೆ ಊಟಕ್ಕೆ ಎದ್ದರು. ಅಲ್ಲಿಯವರೆಗೆ ಯಾರೂ ಬೀಳಲಿಲ್ಲ.

೧೬ ಜುಲೈ, ಮಂಗಳವಾರ

ಗ್ಲಾಸುಗಳು ಒಳಗೆ ಬರಕೂಡದು. ದೊಡ್ಡಮ್ಮ ಬೂದಿ ಹಚ್ಚಿ, ಹುಣಸೆ ಹಚ್ಚಿ, ಮೂರು ಸಲ ತೊಳೆದು ಕೊಟ್ಟಿಗೆಯ ಗೂಡಿನಲ್ಲಿ ಬೋರಲು ಹಾಕಿದ್ದಾಳೆ. ನಿನ್ನೆ ನನ್ನ ಜೊತೆ ರುಬ್ಬಿದ ಕೈ ಅದೇ. ಸೆಗಣಿ ವಾಸನೆಯ ನಡುವೆ ಹನ್ನೆರಡು ಗ್ಲಾಸ್ ಥಳಥಳ ಹೊಳೆಯುತ್ತವೆ. ಹೇಸಿಗೆ.

ದೊಡ್ಡಪ್ಪ ಕೂಗಾಡಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರು.

"ಲೇ ಗಾದಿಲಿಂಗ, ನೀ ಇವತ್ತು ಕೊಟ್ರ ನಾಳಿಗೆ ಊರಾಗಿನವರೆಲ್ಲ ಕೊಡಬೇಕಾಗ್ತೈತಿ. ನಾನಾ ಮುಂದ ನಿಂತು ಬಂದ್ ಮಾಡಿಸೀನಿ. ನನ್ನ ಗದ್ದ್ಯಾಗ ಇದು ನಡ್ಯಾಂಗಿಲ್ಲ."

ಅಪ್ಪ ಸತ್ತ ಮೇಲೆ ಈ ಮನೆಯ ಅನ್ನ ತಿಂದಿದ್ದೇನೆ, ಅದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯ ಬೀಳದ ಹಾಗೆ ನೋಡಿದರು.

ಗದ್ದೆಯಲ್ಲಿ ತಾನೆ ಇಲ್ಲ? ನಾಳೆಯಿಂದ ಕಾಲುವೆ ತೂಬಿನ ಹತ್ತಿರ, ಬೆಳಿಗ್ಗೆ ಐದೂವರೆಗೆ. ತೂಬು ಯಾರ ಗದ್ದೆಯೂ ಅಲ್ಲ.

೧೯ ಜುಲೈ, ಶುಕ್ರವಾರ

ಎರಡು ದಿನ ತೂಬಿನ ಹತ್ತಿರ ಕೊಟ್ಟೆ. ಹೆದರಿ ಎಂಟೇ ಜನ ಬರುತ್ತಿದ್ದರು. ಇವತ್ತೂ ಎಂಟು.

ಅವರು ಗದ್ದೆಗೆ ಹೋದಾಗ ದೊಡ್ಡಪ್ಪ ಬದುವಿನ ಮೇಲೆ ನಿಂತಿದ್ದರು. ಸಾಲಾಗಿ ನಿಲ್ಲಿಸಿದರು, ಇಪ್ಪತ್ತೆರಡೂ ಜನರನ್ನ. ನಾಲಿಗೆ ತೆಗೀರಿ ಎಂದರು.

ನನಗೆ ಆಗ ಹೊಳೆಯಿತು. ನಾಲ್ಕು ಗಂಟೆಗೆ ಏಳುವುದು ಯೋಚಿಸಿದ್ದೆ, ಹೊಟ್ಟೆ ಯೋಚಿಸಿದ್ದೆ, ಪ್ರೋಟೀನು ಯೋಚಿಸಿದ್ದೆ. ನಾಲಿಗೆ ಯೋಚಿಸಿರಲಿಲ್ಲ.

ದನದ ಸಂತೆಯಲ್ಲಿ ಹಲ್ಲು ನೋಡುತ್ತಾರಲ್ಲ, ಹಾಗೆ ಒಂದೊಂದೇ ಮುಖದ ಮುಂದೆ ಕೋಲು ಊರಿ ನಿಂತು ನೋಡಿದರು. ದುರುಗಮ್ಮನಿಗೆ ನನ್ನ ತಾಯಿಯಷ್ಟು ವಯಸ್ಸು. ನಾಲಿಗೆ ಚಾಚಿ ನಿಂತಳು, ಕಣ್ಣು ಮುಚ್ಚಿ. ನೀಲಿ ಇದ್ದವರು ಈ ಕಡೆ, ಇಲ್ಲದವರು ಆ ಕಡೆ.

"ದಾರ್ಯಾಗ ನೇರಳಿ ಹಣ್ಣು ಬಿದ್ದಿದ್ವು, ತಿಂದೀವ್ರಿ," ಎಂದಳು ಸುಂಕಲಮ್ಮ.

"ಗಿಡ ಎಲ್ಲಾರ ದಾರ್ಯಾಗೂ ಐತಿ. ಇಪ್ಪತ್ತೆರಡು ಮಂದ್ಯಾಗ ಎಂಟು ಮಂದಿ ಅಷ್ಟ ತಿಂದ್ರೇನು?"

ಎಂಟು ಜನರನ್ನು ಮನೆಗೆ ಕಳಿಸಿದರು. ನಾಟಿ ಮುಗಿಯುವವರೆಗೆ ಬರಬೇಡಿ ಎಂದು.

ನಾನು ಅಲ್ಲೇ ಇದ್ದೆ. ಖಾಲಿ ಪಾತ್ರೆ ಹಿಡಿದುಕೊಂಡು. ಎಲ್ಲ ನನ್ನದೇ, ನಾನೇ ಮಾಡಿದ್ದು ಎನ್ನಬೇಕಿತ್ತು. ನನ್ನ ನಾಲಿಗೆಯನ್ನು ಯಾರೂ ಕೇಳಲೂ ಇಲ್ಲ.

೨೦ ಜುಲೈ, ಶನಿವಾರ

ದುರುಗಮ್ಮನ ಕೇರಿಗೆ ಹೋದೆ. ಹುಟ್ಟಿ ಇಪ್ಪತ್ತೊಂದು ವರ್ಷ, ಆ ಕಡೆ ಕಾಲಿಟ್ಟಿದ್ದು ಮೊದಲ ಸಲ. ಇದನ್ನೂ ಬರೆದಿಡಬೇಕು.

ಕೈತಪ್ಪಿದ ಕೆಲಸದ ಬದಲು ಏನಾದರೂ ಕೊಡಿಸುತ್ತೇನೆ, ದೊಡ್ಡಪ್ಪನ ಕಾಲು ಹಿಡಿಯುತ್ತೇನೆ, ಹೀಗೆ ಏನೇನೋ ಅಂದೆ. ಅವಳು ಗುಡಿಸಲ ಮುಂದೆ ಕೂತು ನೇರಳೆ ಹಿಚುಕುತ್ತಿದ್ದಳು. ಜೋಳದ ಅಂಬಲಿಗೆ ಕಲಸಿದಳು. ಶೇಂಗಾ ಹಾಲಿಲ್ಲ, ಬಾಳೆಹಣ್ಣಿಲ್ಲ. ಬದುವಿನಿಂದ ತಂದ ತನ್ನ ಚಿಪ್ಪಿನಲ್ಲಿ ಹಾಕಿ ನನ್ನ ಮುಂದೆ ಹಿಡಿದಳು.

"ನಾಕ್ ದಿನ ನಮಗ ಕುಡಿಸೀರಿ. ನಮ್ಮ ಕೂಡ ಒಂದಿನಾನೂ ಕುಡೀಲಿಲ್ಲ. ಯಾಕ್ರಿ?"

ನಿಜ. ಪ್ರತಿದಿನ ಮನೆಯಲ್ಲೇ ಕುಡಿದು ಬಾಯಿ ತೊಳೆದು ಹೋಗುತ್ತಿದ್ದೆ. ನನ್ನ ಹಿತ್ತಾಳೆ ಲೋಟ ಬೇರೆ. ಗ್ಲಾಸುಗಳು ಕೊಟ್ಟಿಗೆಯಲ್ಲಿದ್ದವು, ನನ್ನ ಲೋಟ ಅಡುಗೆಮನೆಯಲ್ಲಿತ್ತು. ದೊಡ್ಡಮ್ಮ ಗ್ಲಾಸು ತೊಳೆದಿಟ್ಟಿದ್ದಕ್ಕೆ ಹೇಸಿಗೆ ಎಂದು ಬರೆದವನು ನಾನು.

ಚಿಪ್ಪು ತಗೊಂಡೆ. ಅಂಚಿನಲ್ಲಿ ನಾರು, ಒಳಗೆ ಹಳೇ ಚಹಾದ ಕಲೆ. ತುಟಿಯ ಹತ್ತಿರ ತಂದಾಗ ಗಂಟಲು ಮುಚ್ಚಿಕೊಂಡಿತು. ಅಂಬಲಿಗಲ್ಲ. ಚಿಪ್ಪಿಗೆ. ಅವಳ ತುಟಿ ತಾಗಿದ ಅಂಚಿಗೆ. ಹೊಟ್ಟೆಯೊಳಗಿಂದ ಎದ್ದು ಬಂತು… ಕರಪತ್ರ ಓದಿದ ಹೊಟ್ಟೆ ಇದು. ದೊಡ್ಡಪ್ಪನ ಕೋಲು ನೋಡಿ ಹೇಸಿಕೊಂಡದ್ದು ಬೇರೆ. ಇದು ನನ್ನೊಳಗೇ ಇತ್ತು, ಇಷ್ಟು ವರ್ಷ, ಬೆಚ್ಚಗೆ.

ಅವಳು ನೋಡಿದಳು. ಎಲ್ಲ ತಿಳಿಯಿತು ಅವಳಿಗೆ. ಕಾಯುತ್ತ ಕೂತಳು.

ಕುಡಿದೆ. ಪೂರ್ತಿ. ಕಣ್ಣಲ್ಲಿ ನೀರು ಬಂತು. ರುಚಿ ಚೆನ್ನಾಗಿತ್ತು, ನನ್ನದಕ್ಕಿಂತ.

೨೧ ಜುಲೈ, ಭಾನುವಾರ. ಸಂಜೆ

ಮತ್ತೆ ಹೋಗಿದ್ದೆ. ಇಪ್ಪತ್ತೆರಡೂ ಜನ ಸೇರಿದ್ದರು. ಮಾತೆಲ್ಲ ದುರುಗಮ್ಮನದೇ.

ಲೆಕ್ಕ ಸುಲಭ. ದೊಡ್ಡಪ್ಪನ ಸಸಿ ಕಿತ್ತಾಗಿದೆ, ಕಟ್ಟು ಕಟ್ಟಿ ನೀರಲ್ಲಿ ಹಾಕಿದೆ. ಕಾಲುವೆ ನೀರಿನ ನಮ್ಮ ಪಾಳಿ ಮಂಗಳವಾರ ಮುಗಿಯುತ್ತದೆ. ರಾರಾವಿ ಊರಿನಿಂದ ಆಳು ಕರೆಸುತ್ತೇನೆ ಎಂದಿದ್ದರು. ಅಲ್ಲಿಯೂ ನಾಟಿ, ಒಬ್ಬರೂ ಬರಲಿಲ್ಲ. ಹದಿನಾಲ್ಕು ಜನರಿಂದ ಅಷ್ಟು ಗದ್ದೆ ಆಗುವುದಿಲ್ಲ.

ಎಂಟೇ ಮಂದಿ ತಿಂದರೇನು ಎಂದು ಕೇಳಿದ್ದರಲ್ಲ. ನಾಳೆ ಇಪ್ಪತ್ತೆರಡೂ ಜನ ಕುಡಿದು ಹೋಗುತ್ತಾರೆ. ಸಾಲಾಗಿ ನಿಂತು, ಕೇಳುವ ಮೊದಲೇ ನಾಲಿಗೆ ತೆಗೆಯುತ್ತಾರೆ. ದೊಡ್ಡಪ್ಪ ಎಲ್ಲರನ್ನೂ ಮನೆಗೆ ಕಳಿಸಬೇಕು, ಇಲ್ಲ ರೊಟ್ಟಿ ತರಿಸಬೇಕು. ಮೂರನೆಯದಿಲ್ಲ.

ಸೋತರೆ ಇಪ್ಪತ್ತೆರಡು ಮನೆಯ ಒಲೆ ಆರುತ್ತದೆ ಎಂದೆ. ಈಗೇನು ಉರಿಯುತ್ತಿದೆ ಎಂದಳು ಸುಂಕಲಮ್ಮ, ನಗುತ್ತಲೇ.

ಗ್ಲಾಸು ತರುವುದು ಬೇಡ ಎಂದಿದ್ದಾಳೆ ದುರುಗಮ್ಮ. ಅವರವರ ಚಿಪ್ಪು ಅವರು ತರುತ್ತಾರೆ, ಬದುವಿನ ಮೇಲೆ ದೊಡ್ಡಪ್ಪನ ಎದುರಿಗೇ ಒಡೆಯುತ್ತಾರೆ. ನನಗೊಂದು ಹೊಸ ಚಿಪ್ಪು ಕೊಟ್ಟಳು. ಹೊಸದು ಬೇಡ ಎಂದೆ. ಆಕೆಯದೇ ಕೇಳಿ ತಂದಿದ್ದೇನೆ. ಮೇಜಿನ ಮೇಲಿದೆ.

ಸಾಲಿನಲ್ಲಿ ನಾನು ಎಲ್ಲಿ ನಿಲ್ಲಲಿ ಎಂದು ಕೇಳಿದೆ.

"ಮೊದಲ ನಿಂದ್ರಿ. ನಿಮ್ಮ ದೊಡ್ಡಪ್ಪ ಮೊದಲ ನಿಮ್ಮ ನಾಲಿಗಿ ನೋಡ್ಲಿ."

ಮನೆಗೆ ಬಂದಾಗ ಒರಳಿನ ಪಕ್ಕ ಶೇಂಗಾ ನೆನೆಹಾಕಿತ್ತು. ನಾನು ಹಾಕಿದ್ದಲ್ಲ. ಎರಡು ಸೇರಲ್ಲ, ನಾಲ್ಕು. ದೊಡ್ಡಮ್ಮ ಅಡುಗೆಮನೆಯಲ್ಲಿ ಬೆನ್ನು ಹಾಕಿ ಕೂತಿದ್ದಳು. ಕೊಟ್ಟಿಗೆಯ ಗೂಡು ನೋಡಿದೆ, ಗ್ಲಾಸು ಅಲ್ಲೇ ಇವೆ.

ಹಣ್ಣು ಹಿಚುಕಬೇಕು. ಉಪ್ಪುನೀರಿಗೆ ಹಾಕಿದ್ದೇನೆ. ದೊಡ್ಡಪ್ಪ ಹೊರಗೆ ಕೆಮ್ಮುತ್ತಿದ್ದಾರೆ, ನನ್ನ ಹೆಸರು ಹಿಡಿದು ಕರೆದ ಹಾಗೆ…

ನಾಳೆ, ಸೋಮವಾರ. ಬೆಳಿಗ್ಗೆ ಐದೂವರೆ. ತೂಬಿನ ಹತ್ತಿರ.